ನಮೂನೆ ಹಂಚುವ ಕೈ: ಶಿಕ್ಷಣ ಸಂಸ್ಥೆಗಳಲ್ಲಿ ನಂಬಿಕೆಯ ಪ್ರಶ್ನೆ

(ನೈಮೆಗನ್‌ನಲ್ಲಿ ಕನ್ನಡ ಕೇಳುಗರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳ ಮುಖ್ಯಸ್ಥರಿಗೆ ಇಂದು ಜಗತ್ತಿನ ಎಲ್ಲ ಕಡೆ ನಾಯಕತ್ವದ ತರಬೇತಿ ಕೊಡಲಾಗುತ್ತದೆ. ಈ ತರಬೇತಿಗಳಲ್ಲಿ ಆಡಿಸುವ ಆಟವೊಂದಿದೆ. ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದೆ ನಿಂತ ಸಹೋದ್ಯೋಗಿಗಳು ಅವರನ್ನು ಹಿಡಿಯಬೇಕು. ಎಲ್ಲರೂ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಕಾಫಿ. ಮರುವಾರ ಅದೇ ವಿಭಾಗದಲ್ಲಿ ಯಾರ ಕರಾರನ್ನು ಮುಂದುವರಿಸಬೇಕು, ಯಾರದನ್ನು ಕೈಬಿಡಬೇಕು ಎಂಬ ತೀರ್ಮಾನ ಮುಚ್ಚಿದ ಬಾಗಿಲ ಹಿಂದೆ ಆಗುತ್ತದೆ. ಬಿದ್ದವರನ್ನು ಹಿಡಿದ ಕೈಗಳಿಗೆ ಆ ತೀರ್ಮಾನದಲ್ಲಿ ಪಾಲಿರುವುದಿಲ್ಲ.

ಕನ್ನಡದಲ್ಲಿ ಈ ವಿಷಯಕ್ಕೆ ಮೂರು ಮಾತುಗಳಿವೆ. 'ವಿಶ್ವಾಸ' ಎಂದರೆ ಅದರ ಬೆನ್ನಿಗೆ ಪ್ರೀತಿ ಬರುತ್ತದೆ. 'ಪ್ರೀತಿ ವಿಶ್ವಾಸ' ಎಂದು ಜೋಡಿಯಾಗಿಯೇ ಹೇಳುವುದು ರೂಢಿ. 'ನಂಬಿಕೆ' ಎಂದರೆ ದೇವರ ನೆರಳು ಎಲ್ಲೋ ಹತ್ತಿರದಲ್ಲಿರುತ್ತದೆ. ಮೂರನೆಯದು 'ನೆಚ್ಚಿಕೆ'. ಮಳೆಯನ್ನು ನೆಚ್ಚಿ ಬಿತ್ತುವ ರೈತನಿಗೆ ಮೋಡದ ಮೇಲೆ ಪ್ರೀತಿಯೂ ಬೇಕಿಲ್ಲ, ಭಕ್ತಿಯೂ ಬೇಕಿಲ್ಲ. ಅವನು ಮನೆಯ ಕಣಜದಲ್ಲಿದ್ದ ಬೀಜವನ್ನು ಮಣ್ಣಿಗೆ ಹಾಕಿರುತ್ತಾನೆ. ಮಳೆ ಬಾರದಿದ್ದರೆ ಬೀಜವೂ ಹೋಯಿತು, ಬೆಳೆಯೂ ಹೋಯಿತು. ಸಂಸ್ಥೆಯ ಮುಖ್ಯಸ್ಥರು ಮತ್ತು ಅವರ ಜೊತೆ ದುಡಿಯುವವರ ನಡುವಿನ ನಂಬಿಕೆಯನ್ನು ಈ ಮೂರನೆಯ ಅರ್ಥದಲ್ಲಿ ನೋಡುವುದು ಇಂದಿನ ಮಾತಿನ ಉದ್ದೇಶ. ಹಾಗೆ ನೋಡಿದಾಗ, ಮುಖ್ಯಸ್ಥರು ಒಳ್ಳೆಯವರೇ, ಮೃದುಭಾಷಿಗಳೇ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಬೀಜ ಯಾರದು, ನಷ್ಟವಾದರೆ ಯಾರಿಗೆ ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಈ ಪ್ರಶ್ನೆಗೆ ನೈಮೆಗನ್ ಊರಿನಲ್ಲಿಯೇ ಒಂದು ಕಠಿಣ ಪರೀಕ್ಷೆ ನಡೆದಿದೆ, 1943ರ ವಸಂತದಲ್ಲಿ. ಇಂದಿನ ರಾಡ್‌ಬೌಡ್ ವಿಶ್ವವಿದ್ಯಾಲಯ ಆಗ ನೈಮೆಗನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯ. 1923ರ ಅಕ್ಟೋಬರ್ 17ರಂದು 189 ವಿದ್ಯಾರ್ಥಿಗಳೊಡನೆ ಆರಂಭವಾದ ಈ ಸಂಸ್ಥೆಗೆ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ನೆದರ್‌ಲೆಂಡ್ಸ್ ದೇಶ 1940ರ ಮೇ ತಿಂಗಳಿನಿಂದ ನಾಜಿ ಜರ್ಮನಿಯ ವಶದಲ್ಲಿತ್ತು. 1943ರ ಮಾರ್ಚ್‌ನಲ್ಲಿ ಆಕ್ರಮಣಕಾರರು ಒಂದು ಆದೇಶ ಹೊರಡಿಸಿದರು. ಓದು ಮುಂದುವರಿಸಬೇಕೆನ್ನುವ ಪ್ರತಿ ವಿದ್ಯಾರ್ಥಿಯೂ ನಿಷ್ಠಾಪತ್ರವೊಂದಕ್ಕೆ ಸಹಿ ಹಾಕಬೇಕು. ಜಾರಿಯಲ್ಲಿರುವ ಕಾನೂನುಗಳನ್ನು ಪ್ರಾಮಾಣಿಕವಾಗಿ ಪಾಲಿಸುತ್ತೇನೆ, ಜರ್ಮನ್ ಸಾಮ್ರಾಜ್ಯಕ್ಕೂ ಅದರ ಸೈನ್ಯಕ್ಕೂ ವಿರುದ್ಧವಾದ ಯಾವ ಕೆಲಸವನ್ನೂ ಮಾಡುವುದಿಲ್ಲ ಎಂಬುದು ಅದರ ಸಾರ. ಸಹಿ ಹಾಕದವನಿಗೆ ತರಗತಿಯಿಲ್ಲ, ಪರೀಕ್ಷೆಯಿಲ್ಲ. ಓದು ಮುಗಿಸಿದವನಿಗೆ ಜರ್ಮನಿಯಲ್ಲಿ ಕಡ್ಡಾಯ ದುಡಿಮೆ ಕಾದಿತ್ತು.

ಈ ಪತ್ರದ ನಮೂನೆಗಳನ್ನು ಹಂಚುವ ಕೆಲಸ ವಿಶ್ವವಿದ್ಯಾಲಯಗಳಿಗೆ ಬಿತ್ತು. ದೇಶದ ಹೆಚ್ಚಿನ ವಿಶ್ವವಿದ್ಯಾಲಯಗಳ ಆಡಳಿತ ಅದನ್ನು ಹಂಚಿತು. ಅದಕ್ಕೆ ಕೊಟ್ಟ ಸಮರ್ಥನೆ ಕೇಳುವುದಕ್ಕೆ ಹಿತವಾಗಿದೆ: ಹಂಚುವುದು ಕಚೇರಿಯ ಕೆಲಸ, ಸಹಿ ಹಾಕುವುದು ಬಿಡುವುದು ವಿದ್ಯಾರ್ಥಿಯ ಅಂತಃಸಾಕ್ಷಿಗೆ ಸೇರಿದ್ದು, ಅದರಲ್ಲಿ ಆಡಳಿತ ತಲೆಹಾಕಬಾರದು. ವ್ಯಕ್ತಿಸ್ವಾತಂತ್ರ್ಯಕ್ಕೆ ಇದಕ್ಕಿಂತ ಹೆಚ್ಚಿನ ಗೌರವ ಇನ್ನೇನಿದೆ ಎನ್ನಿಸಬಹುದು. ಆದರೆ ಈ ವಾದದ ಒಳಗೆ ನಡೆದಿರುವುದು ಭಾರದ ವರ್ಗಾವಣೆ. ಆಡಳಿತ ಮಂಡಳಿ ಹೊರಬೇಕಾಗಿದ್ದ ಅಪಾಯ ಇಪ್ಪತ್ತು ವರ್ಷದ ಹುಡುಗನ ಹೆಗಲಿಗೆ, ಹುಡುಗಿಯ ಹೆಗಲಿಗೆ ಇಳಿದಿದೆ. ಮೇಲಿದ್ದವರ ಕೈ ಶುದ್ಧವಾಗಿ ಉಳಿದಿದೆ.

ನೈಮೆಗನ್‌ನ ರೆಕ್ಟರ್ ಬೆರ್ನಾರ್ಡ್ ಹೆರ್ಮೆಸ್‌ಡೋರ್ಫ್ ಕಾನೂನಿನ ಇತಿಹಾಸ ಬೋಧಿಸುತ್ತಿದ್ದ ಪ್ರಾಧ್ಯಾಪಕರು. ಅವರು ಈ ನಮೂನೆಯನ್ನು ತಮ್ಮ ವಿದ್ಯಾರ್ಥಿಗಳ ಮುಂದೆ ಇಡುವುದಕ್ಕೇ ಒಪ್ಪಲಿಲ್ಲ. 1943ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಬಾಗಿಲು ಮುಚ್ಚಿತು. ಸಂಸ್ಥೆಗಳನ್ನು ನಡೆಸುವವರು ಎಲ್ಲ ಕಾಲದಲ್ಲೂ ಹೇಳುವ ಮಾತು 'ಮೊದಲು ಸಂಸ್ಥೆ ಉಳಿಯಲಿ' ಎಂಬುದು. ಹೆರ್ಮೆಸ್‌ಡೋರ್ಫ್ ಆ ಮಾತನ್ನು ತಿರುಗಿಸಿದರು. ಉಳಿಸಬೇಕಾದದ್ದು ವಿದ್ಯಾರ್ಥಿಗಳೂ ಅಧ್ಯಾಪಕರೂ ಪರಸ್ಪರ ಇಟ್ಟುಕೊಂಡ ನೆಚ್ಚಿಕೆಯಾದರೆ, ಅದಕ್ಕಾಗಿ ಸಂಸ್ಥೆಯನ್ನೇ ಕೆಲಕಾಲ ಬಿಟ್ಟುಕೊಡಬೇಕಾಗಬಹುದು.

ಇದರಿಂದ ವಿದ್ಯಾರ್ಥಿಗಳಿಗೆ ಅಪಾಯ ತಪ್ಪಿತು ಎಂದು ತಿಳಿಯಬಾರದು. ದೇಶದಾದ್ಯಂತ ಸಹಿ ಹಾಕಿದವರು ನೂರಕ್ಕೆ ಸುಮಾರು ಹದಿನೈದು ಜನ ಮಾತ್ರ. ಒಂಬತ್ತು ಜನರ ಗುಪ್ತ ವಿದ್ಯಾರ್ಥಿ ಮಂಡಳಿಯೊಂದು ಸಹಿ ಹಾಕದಿರುವಂತೆ ಎಲ್ಲೆಡೆ ಪ್ರಚಾರ ಮಾಡಿತ್ತು. ಮೇ ತಿಂಗಳಲ್ಲಿ ಸಹಿ ಹಾಕದವರೆಲ್ಲ ಹಾಜರಾಗಬೇಕೆಂಬ ಆಜ್ಞೆ ಬಂತು. ಸಾವಿರಾರು ಜನರನ್ನು ಜರ್ಮನಿಯ ಕಾರ್ಖಾನೆಗಳಿಗೆ ಸಾಗಿಸಲಾಯಿತು, ಉಳಿದವರು ತಲೆಮರೆಸಿಕೊಂಡರು. ನೈಮೆಗನ್‌ನ ವಿದ್ಯಾರ್ಥಿಗೂ ಇತರರಿಗೂ ಇದ್ದ ವ್ಯತ್ಯಾಸ ಇಷ್ಟೇ: ಅವನು ಒಬ್ಬಂಟಿಯಾಗಿ ಇಲ್ಲ ಎನ್ನಬೇಕಾಗಿರಲಿಲ್ಲ. ಅವನಿಗಿಂತ ಮೊದಲು, ಅವನಿಗಿಂತ ಹೆಚ್ಚು ಕಳೆದುಕೊಳ್ಳಬಹುದಾದವರು ಇಲ್ಲ ಎಂದಿದ್ದರು.

ಇದೇ ವಿಶ್ವವಿದ್ಯಾಲಯದ ಇನ್ನೊಬ್ಬರ ಹೆಸರನ್ನೂ ಇಲ್ಲಿ ನೆನೆಯಬೇಕು. ಟಿಟುಸ್ ಬ್ರಾಂಡ್ಸ್‌ಮಾ ಕಾರ್ಮೆಲೈಟ್ ಸನ್ಯಾಸಿ, ತತ್ತ್ವಶಾಸ್ತ್ರದ ಪ್ರಾಧ್ಯಾಪಕ, 1932-33ರಲ್ಲಿ ಇಲ್ಲಿಯ ರೆಕ್ಟರ್. 1942ರ ಆರಂಭದಲ್ಲಿ ಡಚ್ ನಾಜಿ ಪಕ್ಷದ ಜಾಹೀರಾತುಗಳನ್ನು ಪ್ರಕಟಿಸಬಾರದೆಂಬ ಬಿಷಪ್ಪರ ಸಂದೇಶವನ್ನು ಕ್ಯಾಥೊಲಿಕ್ ಪತ್ರಿಕೆಗಳ ಸಂಪಾದಕರಿಗೆ ತಲುಪಿಸಬೇಕಿತ್ತು. ಆರೋಗ್ಯ ಅಷ್ಟಕ್ಕಷ್ಟೇ ಇದ್ದ ಅರವತ್ತರ ಈ ಮನುಷ್ಯ ರೈಲು ಹತ್ತಿ ಸಂಪಾದಕರನ್ನು ಒಬ್ಬೊಬ್ಬರನ್ನಾಗಿ, ಖುದ್ದಾಗಿ ಕಾಣುತ್ತ ಹೋದರು. ಸುತ್ತೋಲೆ ಕಳಿಸಿ ಕುಳಿತುಕೊಳ್ಳಬಹುದಿತ್ತು. ಪತ್ರಿಕೆಯೂ ಹೋಗಬಹುದು, ಪ್ರಾಣವೂ ಹೋಗಬಹುದು ಎಂಬ ಕೆಲಸಕ್ಕೆ ಇನ್ನೊಬ್ಬರನ್ನು ಕರೆಯುವಾಗ ಎದುರು ಕುಳಿತು ಮಾತಾಡಬೇಕು ಎಂಬ ಮರ್ಯಾದೆ ಅದರಲ್ಲಿತ್ತು. ಜನವರಿಯಲ್ಲಿ ನೈಮೆಗನ್‌ನ ಮಠದಲ್ಲಿ ಅವರನ್ನು ಬಂಧಿಸಲಾಯಿತು. ಜುಲೈ 26ರಂದು ದಾಖೌ ಶಿಬಿರದಲ್ಲಿ ಅವರನ್ನು ಕೊಲ್ಲಲಾಯಿತು. ಅಂತರರಾಷ್ಟ್ರೀಯ ಕಾನೂನಿನ ಪ್ರಾಧ್ಯಾಪಕ ರೋಬರ್ಟ್ ರೆಗೌಟ್ ಕೂಡ ಅದೇ ವರ್ಷ ಅದೇ ಶಿಬಿರದಲ್ಲಿ ಸತ್ತರು. ಬ್ರಾಂಡ್ಸ್‌ಮಾ ಅವರನ್ನು 2022ರಲ್ಲಿ ಚರ್ಚು ಸಂತರೆಂದು ಘೋಷಿಸಿತು. ಪೀಠದ ಮೇಲೆ ಕೂರಿಸಿದವರನ್ನು ಅನುಸರಿಸುವ ಕಷ್ಟ ಯಾರಿಗೂ ಇರುವುದಿಲ್ಲವೆಂಬುದು ಬೇರೆ ಮಾತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯ ಭಾಷಣವಾಗುತ್ತದೆ. ಇದೇ ಕಥೆಗೆ ಅಹಿತವಾದ ಮೊದಲ ಅಧ್ಯಾಯವೊಂದಿದೆ. 1940ರ ಶರತ್ಕಾಲದಲ್ಲಿ ಡಚ್ ಸರ್ಕಾರಿ ನೌಕರರೂ ಅಧ್ಯಾಪಕರೂ ಇನ್ನೊಂದು ನಮೂನೆಗೆ ಸಹಿ ಹಾಕಬೇಕಾಗಿ ಬಂದಿತ್ತು: ತಾವು ಯೆಹೂದಿಗಳೋ ಅಲ್ಲವೋ ಎಂಬ ಘೋಷಣೆ. ದೇಶದ ಬಹುತೇಕ ಅಧ್ಯಾಪಕರು ಸಹಿ ಹಾಕಿದರು. ಒಂದೆರಡು ತಿಂಗಳಲ್ಲಿ ಯೆಹೂದಿ ಸಹೋದ್ಯೋಗಿಗಳನ್ನು ಕೆಲಸದಿಂದ ತೆಗೆಯಲಾಯಿತು. ಆಗ ಗಟ್ಟಿಯಾಗಿ ಕೇಳಿದ ದನಿ ಲೈಡನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಕ್ಲೆವೆರಿಂಗಾ ಅವರದು. ತಮ್ಮ ಗುರುವೂ ಸಹೋದ್ಯೋಗಿಯೂ ಆಗಿದ್ದ ಮೈಯರ್ಸ್ ಅವರನ್ನು ವಜಾ ಮಾಡಿದ್ದನ್ನು ಖಂಡಿಸಿ ಅವರು 1940ರ ನವೆಂಬರ್ 26ರಂದು ತುಂಬಿದ ಸಭಾಂಗಣದಲ್ಲಿ ಮಾತಾಡಿದರು, ಮರುದಿನ ಬಂಧನಕ್ಕೊಳಗಾದರು. ಲೈಡನ್ ಮತ್ತು ಡೆಲ್ಫ್ಟ್ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ಉಳಿದೆಡೆ ಪಾಠಗಳು ನಡೆದವು.

ಹಾಗಾದರೆ 1943ರ ದಿಟ್ಟತನ ಬರುವ ಹೊತ್ತಿಗೆ ದೇಶದ ಯೆಹೂದಿಗಳನ್ನು ಹೊತ್ತ ರೈಲುಗಳು ಪೂರ್ವದ ಕಡೆಗೆ ಹೋಗತೊಡಗಿ ಹೆಚ್ಚುಕಡಿಮೆ ಒಂಬತ್ತು ತಿಂಗಳಾಗಿತ್ತು. ಡಚ್ ವಿದ್ಯಾವಂತ ಸಮಾಜದ ಪ್ರತಿರೋಧ ತನ್ನ ಮಕ್ಕಳ ಸರದಿ ಬಂದಾಗ ವ್ಯಾಪಕವಾಯಿತು. ಅದು ಆ ರೆಕ್ಟರ್ ಅವರ ನಿರ್ಧಾರದ ತೂಕವನ್ನು ಕಡಿಮೆ ಮಾಡುವುದಿಲ್ಲ. ಆದರೆ ನಂಬಿಕೆಯ ಬಗ್ಗೆ ಮಾತಾಡುವವರು ಯಾರೂ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯೊಂದನ್ನು ಅದು ಎತ್ತುತ್ತದೆ: ನಂಬಿಕೆಯ ವೃತ್ತದೊಳಗೆ ಯಾರಿದ್ದಾರೆ?

ಕನ್ನಡಿಗರಿಗೆ ಈ ಪ್ರಶ್ನೆ ಪರಕೀಯವಲ್ಲ. 'ನಮ್ಮವರು' ಎಂಬ ಕನ್ನಡ ಶಬ್ದ ಎಷ್ಟು ಬೆಚ್ಚಗಿದೆಯೋ ಅಷ್ಟೇ ಕ್ರೂರವಾಗಿಯೂ ಇದೆ. ಕರ್ನಾಟಕದ ಎಷ್ಟೋ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ 'ಅವರು ನಮ್ಮವರೇ' ಎಂದರೆ ಜಾತಿಯ ಹೆಸರು ಹೇಳದೆ ಜಾತಿ ಹೇಳಿದಂತೆ. ಪ್ರಾಂಶುಪಾಲರು 'ನಮ್ಮವರು' ಆಗಿದ್ದರೆ ರಜೆ ಸುಲಭ, ವೇಳಾಪಟ್ಟಿ ಅನುಕೂಲ, ಪರೀಕ್ಷಾ ಮೇಲ್ವಿಚಾರಣೆಯ ಕೆಲಸ ಇನ್ನೊಬ್ಬರಿಗೆ. ಊಟದ ಡಬ್ಬಿಗಳು ಯಾವ ಮೇಜಿನ ಮೇಲೆ ಯಾರ ಜೊತೆ ತೆರೆಯುತ್ತವೆ ಎಂಬುದನ್ನು ನೋಡಿದರೆ ಸಾಕು, ಆ ಕಾಲೇಜಿನ ಆಡಳಿತ ಹೇಗೆ ನಡೆಯುತ್ತದೆ ಎಂದು ಹೇಳಬಹುದು. ಅಲ್ಲಿ ಒಳಗುಂಪಿನೊಳಗೆ ಅಪಾರ ನಂಬಿಕೆಯಿರುತ್ತದೆ. ಸಂಸ್ಥೆಯಲ್ಲಿ ನಂಬಿಕೆ ಹೆಚ್ಚಬೇಕು ಎಂಬ ಉಪದೇಶವನ್ನು ಆ ಒಳಗುಂಪು ಸಂತೋಷದಿಂದ ಒಪ್ಪುತ್ತದೆ. ದಲಿತ ಅಧ್ಯಾಪಕನೊಬ್ಬ ಲಿಖಿತ ನಿಯಮ ಬೇಕು, ಜ್ಯೇಷ್ಠತಾ ಪಟ್ಟಿ ಗೋಡೆಗೆ ಅಂಟಿಸಬೇಕು ಎಂದು ಕೇಳಿದರೆ, 'ಇವರಿಗೆ ನಂಬಿಕೆಯೇ ಇಲ್ಲ' ಎಂಬ ಆರೋಪ ಅವನ ಮೇಲೆ ಬರುತ್ತದೆ. ನಂಬಿಕೆ ಎಂಬ ಮಾತು ಹೀಗೆ ಬಲ್ಲಿದರ ಕೈಯ ಆಯುಧವಾಗುವುದನ್ನು ನಾಯಕತ್ವದ ತರಬೇತಿಗಳು ಗಮನಿಸುವುದಿಲ್ಲ.

ನಿಯಮ ನಂಬಿಕೆಯ ಶತ್ರುವೆಂದು ಭಾವಿಸುವವರು ಕರ್ನಾಟಕದ ಶಿಕ್ಷಕರ ವರ್ಗಾವಣೆಯ ಇತಿಹಾಸ ನೋಡಬೇಕು. ಒಂದು ಕಾಲದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರಿಗೆ ಗಂಡನ ಊರಿನ ಹತ್ತಿರ ವರ್ಗವಾಗಬೇಕಾದರೆ ಶಾಸಕರ ಪತ್ರ ಬೇಕಿತ್ತು, ಕಚೇರಿಯ ಮೆಟ್ಟಿಲು ಹತ್ತಿ ಇಳಿಯಬೇಕಿತ್ತು, ಕೈ ಬೆಚ್ಚಗೆ ಮಾಡಬೇಕಿತ್ತು. ವರ್ಗಾವಣೆಯನ್ನು ನಿಯಂತ್ರಿಸುವ ಕಾಯ್ದೆ 2007ರಲ್ಲಿ ಬಂತು. ಆದ್ಯತೆಯ ಪಟ್ಟಿ ಪ್ರಕಟಿಸಿ, ಖಾಲಿ ಹುದ್ದೆಗಳನ್ನು ತೋರಿಸಿ, ಕೌನ್ಸೆಲಿಂಗ್ ಮೂಲಕ ಸ್ಥಳ ಆರಿಸಿಕೊಳ್ಳುವ ಪದ್ಧತಿ ನೆಲೆಗೊಂಡಿತು. ಅದರಲ್ಲಿಯೂ ತಕರಾರುಗಳಿವೆ, ಕಾಯ್ದೆಯನ್ನು ಮತ್ತೆ ಮತ್ತೆ ತಿದ್ದಲಾಗಿದೆ. ಆದರೂ ಪರದೆಯ ಮೇಲೆ ಕಾಣುವ ಖಾಲಿ ಹುದ್ದೆ ಯಾವ ಜಾತಿಯ ಶಿಕ್ಷಕಿಗೂ ಒಂದೇ ರೀತಿ ಕಾಣುತ್ತದೆ. ಶಿಕ್ಷಣಾಧಿಕಾರಿಯ ಮುಂದೆ ಆಕೆ ಕೈಕಟ್ಟಿ ನಿಲ್ಲುವ ಕಾರಣಗಳಲ್ಲಿ ಒಂದು ಕಡಿಮೆಯಾಯಿತು. ವೃತ್ತಿಯ ಮಾತುಕತೆ ಶುರುವಾಗಲು ಆ ಕಾರಣ ಕಡಿಮೆಯಾಗುವುದು ಮುಖ್ಯ.

ಎಚ್. ನರಸಿಂಹಯ್ಯನವರ ಮಾತು ಇಲ್ಲಿ ಬಂದೇ ಬರುತ್ತದೆ. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅವರು ಅಮೆರಿಕದ ಓಹಾಯೊದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದವರು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬದುಕಿದವರು. 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿ ರಚಿಸಿ ಸತ್ಯಸಾಯಿ ಬಾಬಾ ಅವರನ್ನೇ ಪರೀಕ್ಷೆಗೆ ಕರೆದಾಗ ದೇಶದ ಬಲಿಷ್ಠ ಭಕ್ತರೆಲ್ಲ ಎದುರು ನಿಂತರು. ಸಮಿತಿಯ ಸದಸ್ಯರನ್ನು ಮುಂದೆ ಬಿಟ್ಟು ಕುಲಪತಿ ಹಿಂದೆ ನಿಲ್ಲಲಿಲ್ಲ. ಬಂದ ಬೈಗುಳ ಮೊದಲು ಅವರ ಹೆಸರಿಗೇ ಬಂತು. ಎಚ್ಚೆನ್ ಅವರಂಥವರ ಜೊತೆ ದುಡಿಯುವುದು ಭಾಗ್ಯ ಎನ್ನುವವರು ಇಂದಿಗೂ ಇದ್ದಾರೆ. ಆದರೆ ಭಾಗ್ಯದ ಮೇಲೆ ವಿಶ್ವವಿದ್ಯಾಲಯ ನಡೆಸುವುದು ಹೇಗೆ? ಅವರು ಕುರ್ಚಿ ಬಿಟ್ಟ ಮೇಲೆ ಆ ಕುರ್ಚಿಗೆ ಬಂದವರೆಲ್ಲ ಹಾಸ್ಟೆಲ್ ಕೋಣೆಯಲ್ಲಿ ಬದುಕಲಿಲ್ಲ. ಒಬ್ಬ ವ್ಯಕ್ತಿಯ ಚಾರಿತ್ರ್ಯ ಅವನ ಜೊತೆಗೇ ಹೊರಟುಹೋಗುತ್ತದೆ. ಸಂಸ್ಥೆಯಲ್ಲಿ ಉಳಿಯುವುದು ಇಲ್ಲ ಎನ್ನುವ ಹಕ್ಕು ಯಾರಿಗಿದೆ ಎಂಬ ಬರೆದಿಟ್ಟ ಏರ್ಪಾಡು.

ನೈಮೆಗನ್ ಇದಕ್ಕೂ ಸಾಕ್ಷಿ. 1944ರ ಫೆಬ್ರುವರಿ 22ರಂದು ಮಿತ್ರಪಡೆಯ ಬಾಂಬುಗಳು ಈ ಊರಿನ ಮೇಲೆ ಬಿದ್ದು ವಿಶ್ವವಿದ್ಯಾಲಯದ ಹಲವು ಕಟ್ಟಡಗಳು ನಾಶವಾದವು. 1945ರ ಮಾರ್ಚ್‌ನಲ್ಲಿ ಪಾಠಗಳು ಮತ್ತೆ ಶುರುವಾದವು. ಯುದ್ಧಕಾಲದಲ್ಲಿ ಪ್ರಭುತ್ವಕ್ಕೆ ಇಲ್ಲ ಎಂದ ಸಂಸ್ಥೆ ಶಾಂತಿಕಾಲದಲ್ಲಿ ತನ್ನೊಳಗೆ ಇಲ್ಲ ಎನ್ನುವುದನ್ನು ಸುಲಭವಾಗಿ ಸಹಿಸಲಿಲ್ಲ. ಚರ್ಚು ಮೇಲೆ, ಪ್ರಾಧ್ಯಾಪಕರು ನಡುವೆ, ವಿದ್ಯಾರ್ಥಿಗಳು ಕೆಳಗೆ. 1963ರಲ್ಲಿ ಟೋನ್ ರೆಹ್ಟಿನ್ ಮತ್ತು ಗೆಳೆಯರು ವಿದ್ಯಾರ್ಥಿಗಳೂ ದುಡಿಮೆಗಾರರೇ ಎಂಬ ನಿಲುವಿನಿಂದ ವಿದ್ಯಾರ್ಥಿ ಕಾರ್ಮಿಕ ಸಂಘಟನೆಯನ್ನು ಕಟ್ಟಿದ್ದು ಈ ಊರಿನಲ್ಲಿಯೇ. 1969ರಲ್ಲಿ ಟಿಲ್‌ಬರ್ಗ್‌ನಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿದ್ಯಾರ್ಥಿಗಳು ಕಟ್ಟಡಗಳನ್ನು ಆಕ್ರಮಿಸಿದರು. ಅದರ ಫಲವಾಗಿ 1970ರಲ್ಲಿ ಬಂದ ಕಾನೂನು ವಿಶ್ವವಿದ್ಯಾಲಯಗಳ ಆಡಳಿತದಲ್ಲಿ ಅಧ್ಯಾಪಕರಿಗೆ, ಬೋಧಕೇತರ ಸಿಬ್ಬಂದಿಗೆ, ವಿದ್ಯಾರ್ಥಿಗಳಿಗೆ ಚುನಾಯಿತ ಮಂಡಳಿಗಳ ಮೂಲಕ ನಿಜವಾದ ಪಾಲು ಕೊಟ್ಟಿತು. ಸಭೆಗಳು ಉದ್ದವಾದವು, ಜಗಳಗಳು ಹೆಚ್ಚಾದವು, ತೀರ್ಮಾನಗಳು ತಡವಾದವು ಎಂಬ ದೂರು ಆಗಲೇ ಇತ್ತು. ವಾಲ್ ನದಿಯ ದಂಡೆಯ ಈ ಊರಿಗೆ 'ವಾಲ್ ದಂಡೆಯ ಹವಾನಾ' ಎಂಬ ಅಡ್ಡಹೆಸರು ಅಂಟಿಕೊಂಡದ್ದು ಇಲ್ಲಿಯ ಎಡಪಂಥೀಯ ರಾಜಕಾರಣದಿಂದ. 1997ರ ಕಾನೂನು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿತು. ಆಡಳಿತದ ಅಧಿಕಾರ ಮತ್ತೆ ಕಾರ್ಯಕಾರಿ ಮಂಡಳಿಯ, ಡೀನರ ಕೈ ಸೇರಿತು. ಚುನಾಯಿತ ಮಂಡಳಿಗಳ ಪಾಲಿಗೆ ಹೆಚ್ಚಾಗಿ ಸಲಹೆಯ ಹಕ್ಕು ಉಳಿಯಿತು. ದಕ್ಷತೆ ಅದಕ್ಕೆ ಕೊಟ್ಟ ಕಾರಣ.

ಭಾರತದಿಂದ ಬಂದವರಿಗೆ ಈ ಬದಲಾವಣೆ ಬೇಗ ಕಣ್ಣಿಗೆ ಬೀಳುವುದಿಲ್ಲ. 'ಸರ್', 'ಮೇಡಂ', 'ಗುರುಗಳೇ' ಎಂದು ಬೆಳೆದವರಿಗೆ ಇಲ್ಲಿ ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯಬಹುದೆಂಬುದೇ ಮೊದಲ ವರ್ಷದ ದೊಡ್ಡ ವಿಸ್ಮಯ. ಡಚ್ ಭಾಷೆಗೂ ಕನ್ನಡದ ಹಾಗೆ ಏಕವಚನವಿದೆ, ಗೌರವದ ರೂಪವಿದೆ. ಮೇಲಧಿಕಾರಿ ಎರಡನೇ ದಿನವೇ ಏಕವಚನಕ್ಕೆ ಇಳಿಯಲು ಹೇಳುತ್ತಾರೆ, ಸೈಕಲ್ ತುಳಿದು ಬರುತ್ತಾರೆ, ತಾವೇ ಕಾಫಿ ತಂದುಕೊಡುತ್ತಾರೆ. ಇದು ಸುಳ್ಳು ನಟನೆಯೇನಲ್ಲ, ಈ ಸಮಾಜದ ನಿಜವಾದ ಗುಣ. ಆದರೆ ಏಕವಚನದಲ್ಲಿ ಮಾತಾಡಿಸಿದ ಮಾತ್ರಕ್ಕೆ ಅಧಿಕಾರ ಹಂಚಿಕೆಯಾಗುವುದಿಲ್ಲ. ಕರಾರನ್ನು ಮುಂದುವರಿಸದ ಪತ್ರವೂ ಏಕವಚನದಲ್ಲಿಯೇ ಬರುತ್ತದೆ. ಇಲ್ಲಿಯ ಪ್ರತಿ ವಿಶ್ವವಿದ್ಯಾಲಯದಲ್ಲೂ 'ನಂಬಿಕೆಯ ವ್ಯಕ್ತಿ' ಎಂಬ ಹುದ್ದೆಯಿದೆ. ಕಿರುಕುಳಕ್ಕೊಳಗಾದವರು, ಮೇಲಿನವರ ಜೊತೆ ತೊಡಕಿರುವವರು ಹೋಗಿ ಗುಟ್ಟಾಗಿ ಮಾತಾಡಬಹುದಾದವರು. ಒಳ್ಳೆಯ ಏರ್ಪಾಡು. ಆದರೆ ನಂಬಿಕೆಗೆಂದೇ ಒಬ್ಬರನ್ನು ನೇಮಿಸಬೇಕಾಗಿ ಬಂದ ಸಂಸ್ಥೆ ತನ್ನ ಬಗ್ಗೆ ಏನನ್ನು ಒಪ್ಪಿಕೊಂಡಂತಾಯಿತು ಎಂದು ಯಾರಾದರೂ ಕೇಳಬಹುದು.

ಕೆಳಗಿನಿಂದ ಬಂದ ಎಚ್ಚರಿಕೆ ಮೇಲೆ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಊರಿನಲ್ಲಿಯೇ ದುಃಖದ ಉದಾಹರಣೆಯಿದೆ. ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಯಲ್ಲಿ ವಯಸ್ಕರ ಹೃದಯ ಶಸ್ತ್ರಚಿಕಿತ್ಸೆಯ ನಂತರದ ಸಾವುಗಳು ದೇಶದ ಸರಾಸರಿಗಿಂತ ಬಹಳ ಹೆಚ್ಚಾಗಿದ್ದವು. 2006ರಲ್ಲಿ ಆರೋಗ್ಯ ತಪಾಸಣಾ ಇಲಾಖೆ ಆ ವಿಭಾಗವನ್ನು ಕೆಲವು ತಿಂಗಳು ನಿಲ್ಲಿಸಬೇಕಾಯಿತು. ಡಚ್ ಸುರಕ್ಷತಾ ಮಂಡಳಿ 2008ರಲ್ಲಿ ಕೊಟ್ಟ ವರದಿ ಬೊಟ್ಟು ಮಾಡಿದ್ದು ಒಬ್ಬ ವೈದ್ಯನ ಕೈಚಳಕದ ಕಡೆಗಲ್ಲ. ತಜ್ಞರು ಒಬ್ಬರೊಡನೊಬ್ಬರು ಸೇರಿ ಕೆಲಸ ಮಾಡುತ್ತಿರಲಿಲ್ಲ, ಆಡಳಿತ ಮಂಡಳಿ ಹೊಣೆಯನ್ನು ಕೈಗೆತ್ತಿಕೊಂಡಿರಲಿಲ್ಲ. ಅದೇ ಆಸ್ಪತ್ರೆ ಮುಂದೆ ತನ್ನ ಫಲಿತಾಂಶಗಳನ್ನು ತೆರೆದಿಡುವ ದಾರಿ ಹಿಡಿಯಿತು. ಆಸ್ಪತ್ರೆಯಲ್ಲಿ ನಂಬಿಕೆ ಮುರಿದರೆ ಸಾವಿನ ಅಂಕಿ ಏರುತ್ತದೆ, ಲೆಕ್ಕ ಸಿಗುತ್ತದೆ. ಶಾಲೆಯಲ್ಲಿ ಮುರಿದರೆ ಮಗು ಸುಮ್ಮನೆ ಹಿಂದಿನ ಬೆಂಚಿಗೆ ಸರಿಯುತ್ತದೆ.

ಶಾಲೆಯ ಲೆಕ್ಕವನ್ನು ಮಾಡಿದವರೂ ಇದ್ದಾರೆ. ಆಂಥನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ 1990ರ ದಶಕದಲ್ಲಿ ಶಿಕಾಗೊ ನಗರದ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಪುಸ್ತಕ ಪ್ರಸಿದ್ಧ. ಮುಖ್ಯೋಪಾಧ್ಯಾಯರು, ಶಿಕ್ಷಕರು, ಪೋಷಕರ ನಡುವೆ ಗಟ್ಟಿಯಾದ ನಂಬಿಕೆಯಿದ್ದ ಶಾಲೆಗಳಲ್ಲಿ ಎರಡಕ್ಕೆ ಒಂದು ಓದು ಗಣಿತಗಳಲ್ಲಿ ಸುಧಾರಿಸಿತು. ನಂಬಿಕೆ ತೀರ ದುರ್ಬಲವಾಗಿದ್ದಲ್ಲಿ ಏಳಕ್ಕೆ ಒಂದು. ಅವರು ಹೇಳಿದ ಇನ್ನೊಂದು ಮಾತನ್ನು ತರಬೇತಿಗಳು ಬಿಟ್ಟುಬಿಡುತ್ತವೆ: ಅಧಿಕಾರ ಅಸಮವಾಗಿರುವ ಕಡೆ ಮೊದಲ ಹೆಜ್ಜೆ ಇಡಬೇಕಾದವರು ಹೆಚ್ಚು ಅಧಿಕಾರ ಇರುವವರೇ. ದುರ್ಬಲರು ತಾವಾಗಿ ಮುಂದೆ ಬಂದು ಎದೆ ಬಿಚ್ಚಲಿ ಎಂದು ಕಾಯುವುದು ನ್ಯಾಯವಲ್ಲ.

ಆ ಮೊದಲ ಹೆಜ್ಜೆ ಕರ್ನಾಟಕದಲ್ಲಿಯೇ ಒಮ್ಮೆ ಬಿದ್ದಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ನಲಿ-ಕಲಿ ಪದ್ಧತಿಯ ಹೆಸರು ಇಲ್ಲಿರುವ ಅನೇಕರಿಗೆ ಗೊತ್ತು. ಕಾಡಂಚಿನ ಆ ತಾಲ್ಲೂಕಿನಲ್ಲಿ ಒಬ್ಬಿಬ್ಬರು ಶಿಕ್ಷಕರಿದ್ದ, ಹಲವು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ಶಾಲೆಗಳೇ ಹೆಚ್ಚು. ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದರು. ತಿರುಗಿ ಬಂದು ಪಠ್ಯವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದರು, ಕಾರ್ಡುಗಳನ್ನು ತಾವೇ ತಯಾರಿಸಿದರು, ಹಾಡು ಕಥೆಗಳನ್ನು ಸೇರಿಸಿದರು. ಮಗು ತನ್ನ ವೇಗದಲ್ಲಿ ಏಣಿ ಹತ್ತಲಿ, ಪರೀಕ್ಷೆಯ ಭಯ ಬೇಡ ಎಂದರು. ಇದು ನಡೆಯಬೇಕಾದರೆ ಅಧಿಕಾರಿಗಳು ತಪಾಸಣೆಯ ಗತ್ತನ್ನು ಬಿಡಬೇಕಿತ್ತು. 'ಯಾವ ಪಾಠದವರೆಗೆ ಬಂದಿದ್ದೀರಿ?' ಎಂಬ ಪ್ರಶ್ನೆಗೆ ನಲಿ-ಕಲಿ ಕೋಣೆಯಲ್ಲಿ ಉತ್ತರವೇ ಇಲ್ಲ, ಏಕೆಂದರೆ ಮಕ್ಕಳು ಬೇರೆ ಬೇರೆ ಮೆಟ್ಟಿಲಲ್ಲಿರುತ್ತಾರೆ. ಪಾಠಪಟ್ಟಿ ಮುಗಿದಿಲ್ಲವೆಂಬ ದೂರು ಮೇಲಿನಿಂದ ಬಂದರೆ ಶಿಕ್ಷಕರ ಪರವಾಗಿ ಉತ್ತರ ಕೊಡುವ ಹೊಣೆ ಸ್ಥಳೀಯ ಅಧಿಕಾರಿಯ ಮೇಲೆ ಬಿತ್ತು. ಬೀಜದಲ್ಲಿ ಅವರೂ ಪಾಲು ಹಾಕಿದಂತಾಯಿತು.

2009-10ರಿಂದ ನಲಿ-ಕಲಿಯನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಲಾಯಿತು. ಲಕ್ಷಾಂತರ ಮಕ್ಕಳಿಗೆ ಅದು ತಲುಪಿದ್ದು ಸಣ್ಣ ಸಾಧನೆಯಲ್ಲ. ಆದರ್ಶ ಪ್ರಯೋಗವನ್ನು ಮ್ಯೂಸಿಯಂನಲ್ಲಿ ಇಡುವುದಕ್ಕಿಂತ ಅದು ಮೇಲು. ಆದರೆ ಈ ಸಲ ಕಾರ್ಡುಗಳು ಮುದ್ರಣವಾಗಿ ಪೆಟ್ಟಿಗೆಯಲ್ಲಿ ಬಂದವು, ತರಬೇತಿ ಮೇಲಿನಿಂದ ಇಳಿದು ಬಂತು, ಭರ್ತಿ ಮಾಡಬೇಕಾದ ದಾಖಲೆಗಳು ಬಂದವು. ಕೋಟೆಯ ಶಿಕ್ಷಕಿ ತಾನು ಮಾಡಿದ ಕಾರ್ಡು ಸರಿಯಿಲ್ಲವೆಂದರೆ ಬದಲಿಸುತ್ತಿದ್ದಳು. ಬೇರೆ ಜಿಲ್ಲೆಯ ಶಿಕ್ಷಕಿಗೆ ಅದು ಇಲಾಖೆಯ ಸಾಮಗ್ರಿ. ಪದ್ಧತಿ ಬಂತು, ಅದನ್ನು ಹುಟ್ಟಿಸಿದ ಸಂಬಂಧ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ.

ಇನ್ನು ಇಂದಿನ ಮಾತು. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2023ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ಹತ್ತು ಹದಿನೈದು ವರ್ಷ ಪಾಠ ಮಾಡಿದವರನ್ನು 'ಅತಿಥಿ' ಎಂದು ಕರೆಯುವ ಧೈರ್ಯ ಸರ್ಕಾರಿ ಕನ್ನಡಕ್ಕೆ ಮಾತ್ರ ಇದೆ. ಸೇವಾ ಭದ್ರತೆ ಕೇಳಿ ಅವರು 2023ರ ಕೊನೆಯಲ್ಲಿ ದೀರ್ಘಕಾಲ ತರಗತಿ ಬಹಿಷ್ಕರಿಸಿದರು. ಇಂಥ ಉಪನ್ಯಾಸಕಿಯೊಬ್ಬರು ವಿಭಾಗದ ಸಭೆಯಲ್ಲಿ ಪ್ರಾಂಶುಪಾಲರ ಯೋಜನೆ ತಪ್ಪು ಎಂದು ಹೇಳಬೇಕಾದರೆ ಏನನ್ನು ಪಣಕ್ಕಿಡಬೇಕು ಎಂದು ಲೆಕ್ಕ ಹಾಕಿ ನೋಡಬೇಕು. ಪ್ರಾಂಶುಪಾಲರು ಆ ಯೋಜನೆಯನ್ನು ಮಂಡಿಸುವಾಗ ಪಣಕ್ಕಿಟ್ಟದ್ದು ಏನು ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು.

ನೆದರ್‌ಲೆಂಡ್ಸ್‌ನಲ್ಲಿ ಸಂಬಳ ಬೇರೆ, ಲೆಕ್ಕದ ರೀತಿ ಅದೇ. 2024ರಲ್ಲಿ ಬಂದ ಬಲಪಂಥೀಯ ಸಮ್ಮಿಶ್ರ ಸರ್ಕಾರ ಉನ್ನತ ಶಿಕ್ಷಣದ ಅನುದಾನಕ್ಕೆ ಕತ್ತರಿ ಹಾಕಿತು, ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ತಗ್ಗಿಸುವ, ಪದವಿ ತರಗತಿಗಳಲ್ಲಿ ಡಚ್ ಭಾಷೆಯನ್ನು ಹೆಚ್ಚಿಸುವ ಮಾತಾಡಿತು. 2025ರ ವಸಂತದಲ್ಲಿ ವಿಶ್ವವಿದ್ಯಾಲಯಗಳ ಸಿಬ್ಬಂದಿ ಊರಿಂದೂರಿಗೆ ಸರದಿಯ ಮುಷ್ಕರ ನಡೆಸಿದರು. ಭಾಷೆಯ ವಿಷಯದಲ್ಲಿ ಕನ್ನಡಿಗರು ಎರಡು ಸಲ ಯೋಚಿಸಬೇಕು. ಉನ್ನತ ಶಿಕ್ಷಣ ನೆಲದ ಭಾಷೆಯಲ್ಲಿರಬೇಕು ಎಂದು ಊರಿನಲ್ಲಿ ವಾದಿಸುವವರು ಇಲ್ಲಿ ಅದೇ ವಾದವನ್ನು ಸಾರಾಸಗಟಾಗಿ ಸಂಕುಚಿತತನ ಎಂದು ತಳ್ಳಿಹಾಕಲಾಗದು. ಆದರೆ ಅನುದಾನದ ಕಡಿತ ಭಾಷಾಪ್ರೇಮದ ವೇಷ ತೊಟ್ಟು ಬಂದಾಗ ಅದನ್ನು ಗುರುತಿಸುವುದು ಕಷ್ಟವೇನಲ್ಲ. ಹಣ ಕಡಿಮೆಯಾದಾಗ ಮೊದಲು ಹೋಗುವುದು ತಾತ್ಕಾಲಿಕ ಕರಾರಿನವರು. ಅವರಲ್ಲಿ ಹಲವರ ವಾಸದ ಪರವಾನಗಿಯೂ ಕರಾರಿಗೆ ಅಂಟಿಕೊಂಡಿರುತ್ತದೆ. ಅಂಥವರಿಗೆ 'ಮುಕ್ತವಾಗಿ ಮಾತಾಡಿ, ಇಲ್ಲಿ ಎಲ್ಲರೂ ಸಮಾನರು' ಎಂದು ಸಭೆಯ ಆರಂಭದಲ್ಲಿ ಹೇಳಿದರೆ ಅವರು ತಲೆಯಾಡಿಸುತ್ತಾರೆ, ಟಿಪ್ಪಣಿ ಪುಸ್ತಕ ತೆರೆಯುತ್ತಾರೆ, ಏನೂ ಹೇಳುವುದಿಲ್ಲ. ಸಭೆ ಸೌಹಾರ್ದವಾಗಿ ಮುಗಿಯಿತೆಂದು ನಡಾವಳಿಯಲ್ಲಿ ದಾಖಲಾಗುತ್ತದೆ.

ಈ ಸಭೆಯಲ್ಲಿ ಕುಳಿತಿರುವವರಲ್ಲಿ ಕೆಲವರು ಆ ಟಿಪ್ಪಣಿ ಪುಸ್ತಕದವರು, ಕೆಲವರು ಸಭೆ ಕರೆಯುವವರು, ಹಲವರು ಒಂದೇ ವಾರದಲ್ಲಿ ಎರಡೂ. ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾದವರು, ತಂಡಗಳನ್ನು ನಡೆಸುವವರು, ಮಕ್ಕಳ ಶಾಲೆಯ ಪಾಲುದಾರಿಕೆ ಮಂಡಳಿಗೆ ಆರಿಸಿಬಂದವರು ಇಲ್ಲಿದ್ದಾರೆ. ಆದ್ದರಿಂದ ಚರ್ಚೆ ಸಿದ್ಧಾಂತದಿಂದ ಆರಂಭವಾಗದಿರಲಿ. ಕಳೆದ ವರ್ಷ ನಿಮ್ಮ ವಿಭಾಗದಲ್ಲಿ ಯಾರ ಕರಾರು ಮುಂದುವರಿಯಲಿಲ್ಲ? ಆ ತೀರ್ಮಾನ ಯಾವ ಸಭೆಯಲ್ಲಿ ಆಯಿತು? ಅಲ್ಲಿ ಯಾರು ಯಾರು ಇದ್ದರು, ಆ ಪತ್ರವನ್ನು ಯಾರ ಕೈಯಿಂದ ಕೊಡಿಸಲಾಯಿತು?